ಎಡಕ್ಕೆ ವಾಲಿದ ಜಲಪಿಪಿ

ಬಲಗಡೆಯಿಂದ ನೋಡಿದರೆ ದೋಣಿ ನದಿಯ ಘಾಟಿಗೆ ಕಟ್ಟಿಹಾಕಿದ್ದರೂ ಓಡುತ್ತಿತ್ತು. ಅದರ ಹೆಸರಿಗಾಗಿ ಕನ್ನಡದ ಹುಡುಗಿ ಸಿಂಧೂರ ವರ್ಷವಿಡೀ ಕೂತು ಬಿಡಿಸಿದ ಬಂಗಾಳಿ ಅಕ್ಷರಗಳು ಹಾಗಿದ್ದವು. ಅಗಲ ಮೈ, ಅಲಂಕಾರವಿಲ್ಲದ ಒಂದೇ ದಪ್ಪದ ಗೆರೆ, ಮುಂದಕ್ಕೆ ವಾಲಿದ ಭಂಗಿ. ಆಚೆ ದಡದವರೂ ಓದಬೇಕು, ಇನ್ನೂ ಬಾರದ ಕಾಲದಿಂದ ಬಂದಂತೆ ಕಾಣಬೇಕು ಎಂದು ಹೊಸ ಬ್ಯಾಟರಿ ದೋಣಿಯ ಮಾಲೀಕ ಕೇಳಿದ್ದ. ದೋಣಿಯ ಹೆಸರು ಜಲಪಿಪಿ, ಕೆರೆಯ ಎಲೆಗಳ ಮೇಲೆ ನಡೆಯುವ ಹಕ್ಕಿ.

ಎಡಗಡೆಗೂ ಅವನ್ನೇ ಅಂಟಿಸಿದ ಮೇಲೆ ತಪ್ಪು ಗೊತ್ತಾಯಿತು. ಆ ಬದಿಯಲ್ಲಿ ದೋಣಿಯ ಮೂತಿ ಎಡಕ್ಕೆ. ಅಕ್ಷರಗಳು ಮಾತ್ರ ಬಲಕ್ಕೆ, ಅಂದರೆ ಹಿಂದಕ್ಕೆ ಜಗ್ಗುತ್ತಿದ್ದವು. ಹೌರಾ ಘಾಟಿನಲ್ಲಿ ಟಿಕೆಟ್ ಹರಿಯುವಾತ, ಅರ್ಧ ದೋಣಿ ಮಾತ್ರ ಹೊರಡುತ್ತದೆಯೇ ಎಂದು ವಿಚಾರಿಸಿದ.

ಸೋಮವಾರ ದೋಣಿ ಓಡಬೇಕಿತ್ತು. ಮಾಲೀಕ ತೀರ್ಮಾನವನ್ನು ಸಿಂಧೂರಳ ಬಾಸಿಗೆ, ಎಲ್ಲರೂ ಅಣ್ಣ ಎಂಬರ್ಥದಲ್ಲಿ ಮಿಹಿರ್‌ದಾ ಎನ್ನುವವನಿಗೆ ಬಿಟ್ಟ. ಎಡಬದಿಗೆ ಯಾವುದಾದರೂ ನೆಟ್ಟಗಿನ ರೆಡಿಮೇಡ್ ಅಕ್ಷರ ಹಾಕೋಣ ಎಂದ ಮಿಹಿರ್‌ದಾ. ಎಡಕ್ಕೆ ವಾಲುವ ಅಕ್ಷರ ಬಿಡಿಸುತ್ತೇನೆ ಎಂದಳು ಅವಳು. ಹಾಗೆ ಯಾರೂ ಬರೆಯುವುದಿಲ್ಲ ಎಂದು ಅವನು ನಕ್ಕ.

“ನೀನು ಬಂಗಾಳಿ ಕಲಿತದ್ದು ಬಸ್ಸಿನ ಬೋರ್ಡು ಓದಿ, ಸಿಂಧೂರ. ನಾವು ಸ್ಲೇಟಿನ ಮೇಲೆ ತಿದ್ದಿದವರು.”

“ಅದಕ್ಕೇ ನಿಮಗೆ ಇನ್ನೂ ಮೇಷ್ಟರ ಭಯ, ಮಿಹಿರ್‌ದಾ.”

ಕಂಪ್ಯೂಟರಿಗೆ ಹೇಳಿದರೆ ಅದು ಅಕ್ಷರಗಳನ್ನು ಒಂದೇ ಏಟಿಗೆ ಎಡಕ್ಕೆ ತಳ್ಳುತ್ತಿತ್ತು. ಆದರೆ ಅವುಗಳ ದುಂಡು ಹೊಟ್ಟೆಗಳೆಲ್ಲ ಕಾಲಡಿ ಸಿಕ್ಕ ಟೊಮ್ಯಾಟೊಗಳಾಗುತ್ತಿದ್ದವು. ಅವಳು ಗಾರ್ಡನ್ ರೀಚ್‌ನ ಕ್ವಾರ್ಟರ್ಸಿನ ತನ್ನ ಮನೆಯಲ್ಲಿ, ಊಟದ ಮೇಜಿನ ಮೇಲೆ ಹಾಳೆ ಹರಡಿ ಒಂದೊಂದನ್ನೂ ಹೊಸದಾಗಿ ಎಳೆದಳು. ಅವ್ವ ಚನ್ನಮ್ಮ ರೊಟ್ಟಿಯ ತಾಟು ಹಿಡಿದು ನಿಂತಳು.

“ನಮ್ಮ ಅಕ್ಷರ ಅಲ್ಲ, ಏನಲ್ಲ. ನೆಟ್ಟಗ ನಿಂತರ ಅದಕ್ಕೇನ ಕಾಲ ನೋಯ್ತಾವೇನ?”

“ಬರದಾಕಿ ನಾ ಅದೀನಿ. ನಂದು ಹೆಂಗ ಆಗೂದಿಲ್ಲ?”

ಚನ್ನಮ್ಮ ಹಾಳೆ ಸರಿಸದೆ ತಾಟನ್ನು ಅವಳ ತೊಡೆಯ ಮೇಲಿಟ್ಟು ಹೋದಳು.

ಭಾನುವಾರ ಘಾಟಿಗೆ ಇಬ್ಬರೂ ತಮ್ಮ ತಮ್ಮ ಅಕ್ಷರಗಳ ಸುರುಳಿ ತಂದಿದ್ದರು. ಎಡಬದಿಯ ತಪ್ಪು ಅಕ್ಷರಗಳನ್ನು ಆಗಲೇ ಕಿತ್ತಾಗಿತ್ತು. ಮಿಹಿರ್‌ದಾ ತನ್ನದನ್ನು ಬಿಚ್ಚುವ ಮೊದಲೇ ಅವಳು ದೋಣಿಯ ಬಲಬದಿಯನ್ನು ತೋರಿಸಿದಳು.

“ನಿಮ್ಮದನ್ನೇ ಅಂಟಿಸೋದಾದರೆ ಆ ಕಡೆಯದನ್ನೂ ಕಿತ್ತು ಕೊಡಿ. ಒಂದು ಬದಿಗೆ ಮಾತ್ರ ನನ್ನ ಅಕ್ಷರ ಸಿಗೋದಿಲ್ಲ. ನಾಳೆಯಿಂದ ನಾನೂ ಕೆಲಸಕ್ಕೆ ಬರೋದಿಲ್ಲ.”

ಅವಳು ಉತ್ತರಕ್ಕೆ ಕಾಯಲಿಲ್ಲ. ಎಡಬದಿಯಲ್ಲಿ ಮೂತಿಯ ಹತ್ತಿರ ಹೋಗಿ ತನ್ನ ಹಾಳೆಯ ಒಂದು ತುದಿ ಒತ್ತಿದಳು. ಇನ್ನೊಂದು ತುದಿ ಗಾಳಿಗೆ ಎದ್ದು ಪಟಪಟ ಬಡಿಯಿತು. ನೀರಿಗೆ ಬೀಳುವಷ್ಟರಲ್ಲಿ ಮಿಹಿರ್‌ದಾ ಅದನ್ನು ಹಿಡಿದ. ಹಿಡಿದವನು ಹಾಗೆಯೇ ನಿಂತು, ಎಡಕ್ಕೆ ಮೈಚಾಚಿ ಹೊರಟಿದ್ದ ಹಕ್ಕಿಯ ಹೆಸರನ್ನು ಎರಡು ಸಲ ಓದಿದ. ಆಮೇಲೆ ಅವನ ಕಣ್ಣು ಅಕ್ಷರಗಳೆಲ್ಲ ಜೋತುಬಿದ್ದ ಮೇಲುಗೆರೆಗೆ, ಬಂಗಾಳಿಗಳು ಮಾತ್ರಾ ಎನ್ನುವುದಕ್ಕೆ ಹೋಯಿತು.

“ಮಾತ್ರಾ ನಿನ್ನ ಕಡೆ ಏರಿದೆ. ಇಳಿಸು.”

“ದೋಣಿ ಅಲುಗಾಡ್ತಿದೆ. ಮಾತ್ರಾ ಸರಿಯಾಗೇ ಇದೆ. ನೀವು ಒತ್ತಿ.”

ಅವನು ತನ್ನ ಸುರುಳಿಯನ್ನು ಕಂಕುಳಲ್ಲಿ ಅವಚಿಕೊಂಡು ಒತ್ತಿದ.