ವಲ್ಲಿಯೊಳಗಿನ ದರ

ಲೆಕ್ಕ ಹಾಕುತ್ತ ಹಾಕುತ್ತ ಸುಶ್ಮಿತಾಳ ಎಡಗೈ ಮೇಜಿನ ಕೆಳಗೆ ಇಳಿದದ್ದು ಅವಳಿಗೇ ಗೊತ್ತಾಗಲಿಲ್ಲ. ಗೊತ್ತಾದದ್ದು ಲ್ಯಾಪ್‌ಟಾಪಿನೊಳಗಿದ್ದ ಸಂದರ್ಶಕನಿಗೆ.

"ನಿಮ್ಮ ಕೈ ಕಾಣುತ್ತಿಲ್ಲ. ಕೆಳಗೆ ಫೋನ್ ಇದೆಯೇ?" ಎಂದು ಮುಂಬಯಿಯಿಂದ ಅವನು ಇಂಗ್ಲಿಷಿನಲ್ಲಿ ಕೇಳಿದ. ಕೇಳಿದ ಧಾಟಿಯಲ್ಲೇ ನೌಕರಿ ಅರ್ಧ ಕೈತಪ್ಪಿದಂತಿತ್ತು.

ಒಂಬತ್ತು ವರ್ಷದಿಂದ ಅವಳು ದೊಡ್ಡದೊಂದು ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುತ್ತಿದ್ದಳು. ಅಲ್ಲಿ ಊಟ ಚೆನ್ನಾಗಿತ್ತು, ಕುರ್ಚಿ ಮೆತ್ತಗಿತ್ತು. ಆದರೆ ನಾಲ್ಕು ಸಾಲು ಕೋಡ್ ಬರೆದರೆ ಐದು ಜನ ಅಭಿಪ್ರಾಯ ಹೇಳಬೇಕು. ಅಷ್ಟರಲ್ಲಿ ಅದು ಯಾಕೆ ಬೇಕಾಗಿತ್ತೆಂಬುದೇ ಎಲ್ಲರಿಗೂ ಮರೆತುಹೋಗಿರುತ್ತಿತ್ತು. ಗಣಿತದ ಬಲದಿಂದ ಷೇರು ಕೊಂಡು ಮಾರುವ ಈ ಸಣ್ಣ ಕಂಪನಿಯಲ್ಲಿ ಹಾಗಲ್ಲ. ಕೊಳ್ಳುವ ದರ, ಮಾರುವ ದರ ಎರಡನ್ನೂ ಕೂಡಲೇ ಹೇಳಬೇಕು, ಹೇಳಿದ ಮಾತಿಗೆ ನಿಲ್ಲಬೇಕು, ಒಳಗಿನ ಲೆಕ್ಕ ಹೊರಗೆ ಬಿಡಬಾರದು. ಆ ನೌಕರಿಗಾಗಿ ಅವಳ ಜೀವ ಹಾತೊರೆಯುತ್ತಿತ್ತು. ಗದಗಿನ ಮನೆಯ ಪಡಸಾಲೆಯಲ್ಲಿ ಕೂತರೆ ತಲೆ ಚುರುಕಾಗುತ್ತದೆಂದು ಸಂದರ್ಶನದ ಕೊನೆಯ ಸುತ್ತಿಗೆಂದು ರಜೆ ಹಾಕಿ ಊರಿಗೆ ಬಂದಿದ್ದಳು.

ಪಡಸಾಲೆಯ ಮೂಲೆಯಲ್ಲಿ ಅಜ್ಜ ಹುಚ್ಚೀರಪ್ಪ ಕೂತಿದ್ದ, ಒಂದು ಕಾಲದ ಹತ್ತಿ ದಲಾಲ. ಶಾಲೆಗೆ ಸೂಟಿ ಬಂದರೆ ಸಾಕು, ಅವಳು ಅವನ ಸ್ಕೂಟರಿನ ಮುಂದೆ ನಿಂತು ಪೇಟೆಗೆ ಹೊರಡುತ್ತಿದ್ದಳು. ಲಕ್ಷ್ಮೇಶ್ವರ, ಮುಂಡರಗಿ ಕಡೆಯಿಂದ ಬಂದ ಹತ್ತಿಯ ಅಂಡಿಗೆಗಳ ಮೇಲೇರಿ ಕೂತರೆ ಇಳಿಯಲು ಮನಸ್ಸೇ ಬರದು. ಸಂಜೆ ಅಜ್ಜಿ ಶಾರದವ್ವ ಬೈಯುತ್ತ ಬೈಯುತ್ತ ಅವಳ ಕೂದಲಿನಿಂದ ಹತ್ತಿಯ ಎಳೆ ಬಿಡಿಸುತ್ತಿದ್ದಳು. ಅಂಥ ಸುಖ ಆಮೇಲೆ ಯಾವ ಸಂಬಳದಲ್ಲೂ ಸಿಗಲಿಲ್ಲ.

ಕೊಳ್ಳುವವರು ಬಂದರೆ ಅಜ್ಜ ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈ ಮೇಲೂ ಹೊದಿಸಿ, ಅದರೊಳಗೆ ಬೆರಳು ಹಿಡಿದು ದರ ಹೇಳುತ್ತಿದ್ದ. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣಬೇಕು. ಐದೂ ಬೆರಳು ಕೂಡಿಸಿ ಒತ್ತಿದರೆ ಸೌದಾ ಮುಗಿಯಿತು. ಸುಶ್ಮಿತಾಳಿಗೆ ಮಗ್ಗಿ ಬಂದದ್ದೂ ಆ ವಲ್ಲಿಯೊಳಗೇ. ರೂಢಿ ಬಿಡಬೇಕಲ್ಲ! ಲೆಕ್ಕ ಎಂದರೆ ಕೈ ತಾನೇ ಮರೆಗೆ ಹೋಗುತ್ತದೆ.

ಅವಳು ಇದನ್ನೆಲ್ಲ ಸಂದರ್ಶಕನಿಗೆ ವಿವರಿಸಿದಳು. ಅವನು ನಂಬಲಿಲ್ಲ, ನಂಬದೆಯೂ ಇರಲಿಲ್ಲ.

"ಒಂದು ಸಂಖ್ಯೆ ಬರೆದು ಕಳಿಸುತ್ತೇನೆ. ನೀವು ಅಜ್ಜನ ಬೆರಳು ಒತ್ತಿ, ಅವರು ಬಾಯಿಬಿಟ್ಟು ಹೇಳಲಿ."

ಪರದೆಯ ಮೇಲೆ ಸಂಖ್ಯೆ ಬಂತು, ಅವಳು ಓದಿದೊಡನೆ ಮಾಯವಾಯಿತು. ಅಜ್ಜ ಸಂಭ್ರಮದಿಂದ ಕ್ಯಾಮೆರಾದ ಮುಂದೆ ಬಂದು ವಲ್ಲಿ ಹೊದಿಸಿದ. ಅವಳು ಒತ್ತಿದಳು. ಅವನು ತಲೆಯಾಡಿಸಿ ಸುಮ್ಮನೆ ಕೂತ.

"ಹೇಳಜ್ಜಾ."

"ಏನ್ ಹೇಳೂದು?"

"ದರಾ!"

"ವಲ್ಲಿಯೊಳಗಿನ ದರ ಬಾಯಿಲೆ ಹೇಳಿದಾಂವ ದಲಾಲ ಅಲ್ಲ ಬೇ."

"ನನ್ನ ನೌಕರಿ ಹೋಗ್ತೈತಿ ಅಜ್ಜಾ. ಕಾಲಿಗೆ ಬೀಳ್ತೇನಿ, ಹೇಳು."

"ಇಷ್ಟ್ ವರ್ಷ ಯಾರ ಮುಂದೂ ಹೇಳಿಲ್ಲ. ಈಗೇನ್ ಹೇಳ್ಲಿ?"

ಅವಳಿಗೆ ಸಿಟ್ಟು ನೆತ್ತಿಗೇರಿತು. ಕೈ ಕಿತ್ತುಕೊಳ್ಳಬೇಕು ಎನ್ನುವಷ್ಟರಲ್ಲಿ ವಲ್ಲಿಯೊಳಗೆ ಅಜ್ಜನ ಬೆರಳು ಆಡಿದವು. ಅವಳು ಹೇಳಿದ ಸಂಖ್ಯೆಯಲ್ಲ, ಅದಕ್ಕಿಂತ ತುಸು ಕಡಿಮೆ. ಮಾಲು ಯಾವುದೆಂದೇ ತಿಳಿಯದ ಮುದುಕ ಚೌಕಾಸಿಗೆ ಇಳಿದಿದ್ದ! ಅವಳಿಗೆ ನಗು ಬಂತು, ಕಣ್ಣೂ ತುಂಬಿದವು. ಆ ಒರಟು ಬೆರಳುಗಳನ್ನು ಎಷ್ಟು ವರ್ಷಗಳಿಂದ ಮರೆತುಬಿಟ್ಟಿದ್ದಳಲ್ಲ!

"ಅವರೇನೋ ಹೇಳಿದರು. ಏನದು?" ಸಂದರ್ಶಕ ಮುಂದಕ್ಕೆ ಬಾಗಿದ.

ಹೇಳಿಬಿಟ್ಟರೆ ತನ್ನ ಮಾತು ನಿಜವೆಂದು ಅವನು ನಂಬಬಹುದಿತ್ತು. ಅವಳು ಬಾಯಿ ತೆರೆದಳು. ಅಜ್ಜ ಅವಳ ಮುಖವನ್ನೇ ನೋಡುತ್ತಿದ್ದ.

"ಕ್ಷಮಿಸಿ ಸರ್. ಹೇಳುವಂತಿಲ್ಲ."

ಸಂದರ್ಶಕ ಏನನ್ನೋ ಬರೆದುಕೊಂಡ. ಆಮೇಲೆ ತಿಳಿಸುತ್ತೇವೆಂದು ಹೇಳಿ ಪರದೆಯಿಂದ ಮರೆಯಾದ.

ಸೋಮವಾರ ಬೆಳಿಗ್ಗೆ ಶಾರದವ್ವ ರೊಟ್ಟಿ ಬಡಿಯುತ್ತಿದ್ದಾಗ ಇಮೇಲ್ ಬಂತು. ಸುಶ್ಮಿತಾ ಎರಡು ಸಲ ಓದಿದಳು. ಅಜ್ಜನ ಹತ್ತಿರ ಬಂದು ಅವನ ಹೆಗಲ ವಲ್ಲಿ ಎಳೆದು ಇಬ್ಬರ ಕೈ ಮೇಲೂ ಹೊದಿಸಿದಳು. ಐದೂ ಬೆರಳು ಕೂಡಿಸಿ ಒತ್ತಿದಳು.

ಅಜ್ಜನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹಿಡಿದ ಕೈ ಮಾತ್ರ ಬಿಡಲೊಲ್ಲ.

"ಕಂಪನ್ಯಾವ್ರು ಏನಂದ್ರಂತ್ರೀ?" ಶಾರದವ್ವ ಒಳಗಿನಿಂದ ಕೂಗಿದಳು.

"ನನ್ನ ಕೇಳಬ್ಯಾಡ," ಎಂದ ಹುಚ್ಚೀರಪ್ಪ. "ಆಕೀನ್ನೂ ಕೇಳಬ್ಯಾಡ. ನಾವಿಬ್ರೂ ದಲಾಲರು."