ಶೂನ್ಯ ಟಿಕೆಟ್ಟುಗಳ ತಂತಿ

ನಾನೊಂದು ಗೇಣುದ್ದದ ತಂತಿ. ಬುಡದಲ್ಲಿ ಅಂಗೈಯಗಲದ ಮರದ ತುಂಡು, ತುದಿಯಲ್ಲಿ ಚೂಪು ಮೊನೆ. ಅಂಗಡಿಯ ಗಲ್ಲಾದ ಪಕ್ಕ ಚೀಟಿ ಚುಚ್ಚಿಡಲು ನಿಲ್ಲಿಸಿರುತ್ತಾರಲ್ಲ, ಆ ಜಾತಿ. ಮೊದಲು ನಾನು ಸೈಕಲ್ ಚಕ್ರದ ಕಡ್ಡಿಯಾಗಿದ್ದೆ. ಊರೂರು ತಿರುಗಿ ತಿರುಗಿ ಒಂದು ದಿನ ಮುರಿದೆ. ಮುಂಡರಗಿಯ ಕಮ್ಮಾರನೊಬ್ಬ ನನ್ನನ್ನು ಬಡಿದು ನೆಟ್ಟಗೆ ಮಾಡಿ, ಕಲ್ಲಿಗೆ ತಿಕ್ಕಿ ಮೊನೆ ಬರಿಸಿದ. ಅಲ್ಲಿಗೆ ತಿರುಗಾಟ ಮುಗಿಯಿತು ಎಂದುಕೊಂಡಿದ್ದೆ.

ನನ್ನ ಮೊದಲ ಯಜಮಾನ ಬಸ್ ಸ್ಟ್ಯಾಂಡಿನ ಎದುರು ಖಾನಾವಳಿ ಇಟ್ಟಿದ್ದ ಗುರಪ್ಪ. ಹಾಲಿನ ಚೀಟಿ, ಜೋಳದ ಚೀಟಿ, ಏನೇ ಬರಲಿ ನನ್ನ ನೆತ್ತಿಗೆ ಚುಚ್ಚುತ್ತಿದ್ದ. "ಚೀಟಿ ಒಗೀಬ್ಯಾಡವಾ, ಎಂದಾರ ಒಂದಿನ ಅದೂ ಮಾತಾಡ್ತೈತಿ" ಎಂದು ಮಗಳು ಶಂಕ್ರಮ್ಮನಿಗೆ ಹೇಳುತ್ತಿದ್ದ. ಅವನು ತೀರಿಕೊಂಡ ಮೇಲೆ ಗಂಡುಮಕ್ಕಳು ಹಂಡೆ, ಪರಾತ ಎಲ್ಲ ಒಯ್ದರು. ನನ್ನನ್ನು ಯಾರೂ ಕೇಳಲಿಲ್ಲ, ನನಗೂ ಸ್ವಲ್ಪ ಬೇಜಾರಾಯಿತು. ಶಂಕ್ರಮ್ಮ ಮಾತ್ರ ಸೆರಗಿನಲ್ಲಿ ಸುತ್ತಿಕೊಂಡು ತನ್ನ ಹೊಲಿಗೆ ಅಂಗಡಿಗೆ ತಂದಳು.

ಅಲ್ಲಿ ಎರಡು ಮಷಿನ್ನುಗಳಿದ್ದವು. ಒಂದು ಜಂಪರ ಹೊಲಿಯಲು, ಇನ್ನೊಂದು ಸೀರೆಗೆ ಪಿಕೋ ಮಾಡಲು. ನನ್ನ ಮೈಮೇಲೆ ಬರೀ ಅಳತೆ ಚೀಟಿಗಳು. ಅರ್ಧ ಊರಿನ ಹೆಣ್ಣುಮಕ್ಕಳ ಸೊಂಟದ ಸುತ್ತಳತೆ ನನಗೆ ಗೊತ್ತು. ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ.

ಅಷ್ಟರಲ್ಲಿ ಶಂಕ್ರಮ್ಮನ ಗಂಡ ಮುರಿಗೆಪ್ಪ ಗದಗಿನ ಕೋರ್ಟಿನಲ್ಲಿ ಸೋಡಚೀಟಿ, ಅಂದರೆ ವಿಚ್ಛೇದನ, ಕೇಳಿ ದಾವೆ ಹಾಕಿದ. ಹುಬ್ಬಳ್ಳಿಯಲ್ಲಿ ಟೈಲ್ಸ್ ಅಂಗಡಿ ಇಟ್ಟವನು, ಇವಳನ್ನು ಬಿಟ್ಟು ಮೂರು ವರ್ಷವಾಗಿತ್ತು. ದಾವೆ ಹಾಕಿದವನು ತಾರೀಖಿಗೆ ಬರಬೇಕಲ್ಲ? ಬರುತ್ತಿರಲಿಲ್ಲ. ಇವತ್ತು ಹೊಟ್ಟೆನೋವು, ನಾಳೆ ಮಾವನ ಮದುವೆ ಎಂದು ವಾಯಿದೆ ತೆಗೆದುಕೊಳ್ಳುತ್ತಿದ್ದ. ಓಡಾಡಿ ಸುಸ್ತಾಗಿ ಇವಳೇ ಅವನು ಹೇಳಿದಲ್ಲಿ ಸಹಿ ಮಾಡಲಿ ಎನ್ನುವುದು ಅವನ ಲೆಕ್ಕ. ನಾನು ಮರದ ತುಂಡಿಗೆ ಅಂಟಿಕೊಂಡಿದ್ದೆ, ಅವನ ಪುಣ್ಯ.

ವಕೀಲರ ಫೀಸಿಗಾಗಿ ಶಂಕ್ರಮ್ಮ ಪಿಕೋ ಮಷಿನ್ನನ್ನು ಪಕ್ಕದ ಓಣಿಯ ಜೈತುನಬಿಯ ಹತ್ತಿರ ಒತ್ತೆ ಇಟ್ಟಳು. "ಪಂಚಮಿತನಕ ಹಾದಿ ನೋಡ್ತೇನಿ ಶಂಕ್ರವ್ವ. ರೊಕ್ಕ ಕೊಟ್ಟು ಒಯ್ಯಿ. ಆಮ್ಯಾಗ ನನ್ನ ಮಗಳು ಕೊಪ್ಪಳಕ್ಕ ಒಯ್ತಾಳ" ಎಂದಳು ಜೈತುನಬಿ. ಆ ಮಷಿನ್ ಹೋದರೆ ಅಂಗಡಿಯ ಅರ್ಧ ಸಂಪಾದನೆ ಹೋದಂತೆ.

ತಾರೀಖಿನ ದಿನ ಅಂಗಡಿ ಮುಚ್ಚಿ ಗದಗಿಗೆ ಹೋಗಿ, ವಾಪಸ್ ಬಂದ ಬಸ್ಸಿನ ಟಿಕೆಟ್ಟನ್ನು ಅಪ್ಪನ ರೂಢಿಯಂತೆ ನನಗೆ ಚುಚ್ಚುತ್ತಿದ್ದಳು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ್ದರಿಂದ ಎಲ್ಲವೂ ಶೂನ್ಯ ಟಿಕೆಟ್ಟುಗಳು. ಹೊಲಿಗೆಯವಳ ಕೈ ಸುಮ್ಮನಿರುತ್ತದೆಯೇ? ಅದರ ಹಿಂದೆ ತಾರೀಖು ಹಾಕಿ, ಮುಚ್ಚಿದ ಬಾಗಿಲು ನೋಡಿ ವಾಪಸ್ ಹೋದ ಗಿರಾಕಿಗಳ ಹೆಸರನ್ನು ಓಣಿಯವರಿಂದ ಕೇಳಿ ಬರೆಯುತ್ತಿದ್ದಳು. ಫೀಸಿನ ರಸೀದಿಗಳೂ ಅವುಗಳ ನಡುವೆಯೇ ಬಂದು ಕೂತವು.

ಅವಳ ವಕೀಲರು ಹೊಸಮನಿ ಮೇಡಂ ಒಂದು ದಿನ ಅಂಗಡಿಗೇ ಬಂದರು. "ದಾವೆ ಹೂಡಿದವ್ರು ಅವ್ರು. ನಿಮ್ಮ ವಕೀಲರ ಫೀಸು, ಕೋರ್ಟಿನ ಖರ್ಚು ಅವ್ರ ಕಡೆಯಿಂದ ಕೊಡಸ್ರಿ ಅಂತ ಅರ್ಜಿ ಹಾಕೇನಿ. ಪುರಾವೆ ಏನೈತ್ರಿ?"

ಶಂಕ್ರಮ್ಮ ನಾಚಿಕೊಂಡು ನನ್ನನ್ನು ತೋರಿಸಿದಳು. ಮೇಡಂ ನಾಲ್ಕು ಚೀಟಿ ಎತ್ತಿ ನೋಡಿ ನಕ್ಕರು. "ಒಂದೂ ತಗೀಬ್ಯಾಡ್ರಿ. ಹಿಂಗ ತರ್ರಿ."

ಹೀಗೆ ನಾನೂ ಕೋರ್ಟಿನ ಮೆಟ್ಟಿಲು ಹತ್ತಿದೆ. ಗೇಟಿನಲ್ಲಿ ಪೊಲೀಸಪ್ಪ ತಡೆದ. "ಇಷ್ಟು ಚೂಪಂದು ಒಳಗ ನಡಿಯಂಗಿಲ್ಲಬೇ." ಶಂಕ್ರಮ್ಮ ಒಂದು ಕ್ಷಣ ಯೋಚಿಸಿ, ಚೀಲದಲ್ಲಿದ್ದ ಸಂತೆಯ ಬಟಾಟಿಯೊಂದನ್ನು ತೆಗೆದು ನನ್ನ ಮೊನೆಗೆ ಗುದ್ದಿದಳು. ಪೊಲೀಸಪ್ಪ ಬಾಯಿ ತೆರೆದು ನೋಡುತ್ತಿದ್ದ. ನಾನು ಬಟಾಟಿಯ ಪೇಟಾ ಸುತ್ತಿಕೊಂಡು ಗತ್ತಿನಿಂದ ಒಳಗೆ ಹೋದೆ.

ಅಂದು ಮುರಿಗೆಪ್ಪನೂ ಬಂದಿದ್ದ. ಅವನ ವಕೀಲರು ನನ್ನನ್ನು ನೋಡಿದ್ದೇ ತಡ ದನಿ ಏರಿಸಿದರು. "ಸ್ವಾಮಿ, ಇವು ಶೂನ್ಯ ಟಿಕೆಟ್ಟುಗಳು. ಶೂನ್ಯಕ್ಕೆ ಶೂನ್ಯ ಕೂಡಿಸಿದರೆ ಖರ್ಚು ಎಷ್ಟಾಯಿತು?" ಹಿಂದೆ ಕೂತವರು ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ನ್ಯಾಯಾಧೀಶರು ಶಂಕ್ರಮ್ಮನತ್ತ ನೋಡಿದರು. "ನೀವು ಏನ್ ಹೇಳ್ತೀರಮ್ಮ?"

ಅವಳು ನನ್ನನ್ನು ಅವರ ಮೇಜಿನತ್ತ ಚಾಚಿದಳು. "ಸಾಹೇಬ್ರ, ಬಸ್ಸು ಪುಕ್ಕಟೆ ಐತ್ರಿ. ನನ್ನ ದಿವಸ ಪುಕ್ಕಟೆ ಅಲ್ರಿ. ಟಿಕೆಟ್ಟು ತಿರುವಿ ನೋಡ್ರಿ."

ಅವರು ಬಟಾಟಿ ಕಿತ್ತು ಪಕ್ಕಕ್ಕಿಟ್ಟು ಒಂದೊಂದೇ ತಿರುವಿದರು. ಹಳೆಯ ಟಿಕೆಟ್ಟುಗಳ ಅಚ್ಚು ಮಾಸಿತ್ತು, ಹಿಂದಿನ ಪೆನ್ನಿನ ಬರಹ ಹಾಗೇ ಇತ್ತು. "ಹಿರೇಮಠ ಅಕ್ಕಾರು, ಎರಡು ಜಂಪರ, ವಾಪಸ್." "ಮದುವಿ ಸೀರಿ ಏಳು, ಬ್ಯಾರೆ ಅಂಗಡಿಗೆ ಹೋದ್ವು." ಕೋರ್ಟಿನ ಕಡತ ತರಿಸಿ ತಾಳೆ ನೋಡಿದರು. ಹದಿನಾಲ್ಕು ತಾರೀಖು, ಹದಿನಾಲ್ಕು ಟಿಕೆಟ್ಟು. ಹನ್ನೊಂದು ಸಲ ವಾಯಿದೆ ಕೇಳಿದವನು ಮುರಿಗೆಪ್ಪ.

ಫೀಸು ಪೂರ್ತಿ, ತಪ್ಪಿಸಿದ ಪ್ರತಿ ತಾರೀಖಿಗೂ ಇಷ್ಟೆಂದು ಖರ್ಚು, ಹದಿನೈದು ದಿನದೊಳಗೆ ಕಟ್ಟಬೇಕು, ಕಟ್ಟುವವರೆಗೆ ಅವನ ದಾವೆ ಮುಂದಕ್ಕೆ ಹೋಗುವುದಿಲ್ಲ ಎಂದು ಆದೇಶವಾಯಿತು. ಮುರಿಗೆಪ್ಪ ಹದಿನಾಲ್ಕನೆಯ ದಿನ ಕಟ್ಟಿದ. ಪಂಚಮಿಗೆ ಇನ್ನೂ ಮೂರು ದಿನ ಇರುವಾಗ ಜೈತುನಬಿ ತನ್ನ ರೊಕ್ಕ ಎಣಿಸಿಕೊಂಡು, ಆಟೋದಲ್ಲಿ ಪಿಕೋ ಮಷಿನ್ ತಾನೇ ತಂದಿಳಿಸಿದಳು. ಅಂದು ಇಬ್ಬರೂ ಬಟಾಟಿ ಪಲ್ಯ ಮಾಡಿಕೊಂಡು ಉಂಡರು. ನನ್ನ ಪೇಟಾ ಅದರಲ್ಲಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ಚೀಟಿಗಳೆಲ್ಲ ಕಡತಕ್ಕೆ ಸೇರಿದವು. ನಾನು ಬೋಳಾಗಿ ಮನೆಗೆ ಬಂದೆ. ಈಗ ವಯಸ್ಸಾಗಿದೆ, ಬುಡಕ್ಕೆ ತುಕ್ಕು ಹತ್ತಿದೆ. ಮಷಿನ್ನಿಗೆ ಎಣ್ಣೆ ಬಿಡುವಾಗ ಶಂಕ್ರಮ್ಮ ನನಗೂ ಒಂದು ಹನಿ ಹಚ್ಚುತ್ತಾಳೆ. ದಾವೆ ಇನ್ನೂ ನಡೆದಿದೆ. ಮುರಿಗೆಪ್ಪ ಈಗ ಒಂದು ತಾರೀಖನ್ನೂ ತಪ್ಪಿಸುವುದಿಲ್ಲ, ಇವಳಿಗಿಂತ ಮೊದಲೇ ಬಂದು ಬೆಂಚಿನ ಮೇಲೆ ಕೂತಿರುತ್ತಾನಂತೆ. ಆ ದಿನಗಳಲ್ಲಿ ಅಂಗಡಿಯಲ್ಲಿ ಜೈತುನಬಿ ಕೂರುತ್ತಾಳೆ.

ಮೊನ್ನೆ ಶಂಕ್ರಮ್ಮ ಗದಗಿನಿಂದ ಬಂದವಳೇ ಟಿಕೆಟ್ಟು ತಿರುವಿ, ಪೆನ್ನು ಹಿಡಿದು, "ಇವತ್ತ ಯಾರ್ ವಾಪಸ್ ಹೋದ್ರವಾ?" ಎಂದು ಕೇಳಿದಳು.

"ಯಾರೂ ಹೋಗಿಲ್ಲ" ಎಂದಳು ಜೈತುನಬಿ.

ಶಂಕ್ರಮ್ಮ ಪೆನ್ನು ಕೆಳಗಿಟ್ಟು, ಏನೂ ಬರೆಯದ ಆ ಟಿಕೆಟ್ಟನ್ನು ನನ್ನ ನೆತ್ತಿಗೆ ಚುಚ್ಚಿದಳು.