ಒಕ್‌ಜಿಗೆ ಸಂದ ಸನ್ಮಾನ

ಮಾ ಸಾಂಗ್‌ಬೇಯ ಮೈಯಲ್ಲಿ ಬೆವರಿಗಿಂತ ಉಪ್ಪುಸೀಗಡಿಯ ನಾತವೇ ಜಾಸ್ತಿ. ಮೂವತ್ತೈದು ವರ್ಷ ಪೀಪಾಯಿಗಟ್ಟಲೆ ಸೀಗಡಿಗೆ ಉಪ್ಪು ಹಾಕಿ, ಹುಳಿ ಬರಿಸಿ ಮಾರಿದವನು. ಉಗುರಿನ ಸಂದಿಯಲ್ಲಿ, ಕಿವಿಯ ಹಿಂದೆ, ಕಡೆಗೆ ಎಂಜಲಿನಲ್ಲೂ ಅದೇ. ಮೊದಲ ಸಲ ಒಕ್‌ಜಿಯ ಹೆಂಡದಂಗಡಿಗೆ ಬಂದವನು, ಜೀವಂತ ಆಕ್ಟೋಪಸ್ಸಿನ ತುಂಡು ಬಾಯಲ್ಲಿ ಇನ್ನೂ ಮಿಸುಕಾಡುತ್ತಿರುವಾಗಲೇ ಅವಳ ಮೊಣಕೈ ಹಿಡಿದ. ಅವಳು ನಾತಕ್ಕೆ ಮುಖ ಪಕ್ಕಕ್ಕೆ ತಿರುಗಿಸಿದಳು. ಆದರೂ ನಕ್ಕಳು.

"ಯಜಮಾನ್ರೇ, ಬಾಯಲ್ಲಿರೋದನ್ನ ಮೊದ್ಲು ಸಾಯ್ಸಿ. ಆಮೇಲೆ ನನ್ನ ಹಿಡ್ಕೊಳ್ಳೋರಂತೆ."

"ಅಬ್ಬಬ್ಬ, ನಾಲಿಗೆ ನೋಡು ಇವಳ್ದು! ಯಾವೂರೇ ನಿಂದು?"

"ಮೊಕ್ಪೊ."

ಅರ್ಧ ಸತ್ಯ. ಮೊಕ್ಪೊ ಅವಳು ಬೆಳೆದ ಊರು. ಹುಟ್ಟಿದ್ದು ಇದೇ ಬಂದರಿನಲ್ಲಿ, ಇದೇ ಸೀಗಡಿ ಸಂತೆಯ ಹಿಂದಿನ ಓಣಿಯಲ್ಲಿ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಅಕ್ಕ ಜಮ್ರೆ ಇವನ ಮಳಿಗೆಯಲ್ಲಿ ಸೀಗಡಿ ಆರಿಸುತ್ತಿದ್ದಳು. ಹೊಟ್ಟೆ ಮುಂದಾದಾಗ ಅಂಗಡಿ ಬಾಗಿಲಿಗೆ ಹೋಗಿ ನಿಂತಳು. ಸಾಂಗ್‌ಬೇ ಒಳಗೂ ಕರೆಯಲಿಲ್ಲ, ಗುಟ್ಟಾಗಿಯೂ ಮಾತಾಡಲಿಲ್ಲ. ನಡುಸಂತೆಯಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಯಾವ ದೋಣಿಯವನದೋ ಏನೋ, ನನ್ನ ಪೀಪಾಯಿಗೆ ಸುರಿಯೋಕೆ ಬಂದಿದಾಳೆ!" ಎಂದು ಕೂಗಿದ. ಸಂತೆಗೆ ಸಂತೆಯೇ ನಕ್ಕಿತು. ಮಾರನೆಯ ದಿನ ಕಡಲು ಇಳಿದಿದ್ದ ಹೊತ್ತಿನಲ್ಲಿ ಜಮ್ರೆ ಕೆಸರಿನ ಮೇಲೆ ನಡೆಯುತ್ತಾ ಹೋದಳು. ಕಡಲು ಏರಿತು, ಅವಳು ತಿರುಗಿ ಬರಲಿಲ್ಲ.

ಒಕ್‌ಜಿಗೆ ಅವನ ಜೀವ ಬೇಕಿರಲಿಲ್ಲ. ಅಕ್ಕನ ಮಾನ ಹೋದದ್ದು ಸಂತೆಯೆದುರು. ಇವನದೂ ಸಂತೆಯೆದುರೇ ಹೋಗಬೇಕು. ಹೋಗುವುದನ್ನು ಇವನು ಕಣ್ಣಾರೆ ನೋಡಬೇಕು.

ಅದಕ್ಕೆ ಅವಳು ಆರಿಸಿಕೊಂಡದ್ದು ಅವನ ಅರವತ್ತರ ಔತಣವನ್ನು. ಅವತ್ತು ಇಡೀ ಊರೇ ಬರುತ್ತದೆ. ಗೋಪುರದ ಹಾಗೆ ಪೇರಿಸಿದ ಅಕ್ಕಿಕಡುಬಿನ ಹಿಂದೆ ಯಜಮಾನ, ಪಕ್ಕದಲ್ಲಿ ಹೆಂಡತಿ. ಮಕ್ಕಳು ಬಗ್ಗಿ ನಮಸ್ಕರಿಸಿ ಹೆಂಡದ ಬಟ್ಟಲು ಕೊಡಬೇಕು, ಆಮೇಲೆ ಹೆಂಡತಿ. ಆದರೆ ಆ ಜಾಗದಲ್ಲಿ ಕೂರಲು ಇಟ್ಟುಕೊಂಡವಳಿಗೆ ಹಕ್ಕಿಲ್ಲ. ಸರ್ಕಾರಿ ಕುಟುಂಬಪಟ್ಟಿಯಲ್ಲಿ ಹೆಸರು ಏರಿದವಳೇ ಬೇಕು. ಸಾಂಗ್‌ಬೇ ಹೆಂಡತಿ ಸತ್ತು ಮೂರು ವರ್ಷವಾಗಿತ್ತು. ಒಕ್‌ಜಿ ಒಂದು ವರ್ಷ ಅವನನ್ನು ಆಡಿಸಿದಳು. ಬಟ್ಟಲು ತುಂಬಿಸಿದಳು, ಕಾಲೊತ್ತಿದಳು, ಹತ್ತಿರ ಬಂದರೆ ಸರಿದಳು, ಮುನಿಸಿಕೊಂಡರೆ ಕುತ್ತಿಗೆಗೆ ಬಿದ್ದಳು.

"ಹಾಗೇ ಇದ್ಬಿಡೋಣ ಕಣೇ. ಈ ವಯಸ್ಸಲ್ಲಿ ಕಾಗದ ಪತ್ರ ಎಲ್ಲ ಯಾಕೆ?"

"ಕಾಗದ ಇಲ್ದೆ ನನ್ನ ಸೆರಗೂ ಮುಟ್ಟಂಗಿಲ್ಲ. ನಾನೇನು ಪೀಪಾಯಿನಾ, ಬಂದೋರೆಲ್ಲ ಮುಚ್ಚಳ ತೆಗೆದು ಮೂಸೋಕೆ?"

ಗಹಗಹಿಸಿ ನಕ್ಕ. ಚಿನ್ನದ ಹಲ್ಲಿಗೆ ಸಿಕ್ಕಿದ್ದ ಕಡಲಪಾಚಿ ಅವಳ ಕಣ್ಣಿಗೆ ಬಿತ್ತು. ವಾರದೊಳಗೆ ಪಟ್ಟಿಯಲ್ಲಿ ಹೆಸರು ಬಂತು. ಆಮೇಲಿನ ಆರು ತಿಂಗಳು ಅವಳು ದಿನಾ ಬೆಳಿಗ್ಗೆ ಬೂದಿ ಹಚ್ಚಿ ತುಟಿ ತಿಕ್ಕಿಕೊಂಡಳು.

ಔತಣದ ದಿನ ನೀಲಿ ರೇಷ್ಮೆಯುಟ್ಟು ಅವನ ಪಕ್ಕದಲ್ಲಿ ಕೂತಳು. ಅಂಗಳದ ತುಂಬ ಜನ. ಅಂದು ನಕ್ಕವರಲ್ಲಿ ಬದುಕಿದ್ದವರೆಲ್ಲ ಸೂಪು ಸೊರ್ರೆಂದು ಹೀರುತ್ತಿದ್ದರು. ಸಿಯೋಲಿನಿಂದ ಬಂದಿದ್ದ ಇಬ್ಬರು ಗಂಡುಮಕ್ಕಳೂ ಬಗ್ಗಿ ಎದ್ದರು. ಈಗ ಬಟ್ಟಲು ಅವಳ ಕೈಗೆ ಬಂದಿತ್ತು. ಅದನ್ನು ಅವನ ಮುಖಕ್ಕೆ ಎರಚಿ, ಎದ್ದು ನಿಂತು, 'ನಾನು ಜಮ್ರೆಯ ತಂಗಿ' ಎನ್ನುವುದಷ್ಟೇ ಬಾಕಿ. ಬಟ್ಟಲನ್ನು ಎತ್ತಿದಳು.

ಸಾಂಗ್‌ಬೇ ಅವಳ ಕಡೆ ತಿರುಗಿದ. ಏನೋ ಹೇಳಲು ಬಾಯಿ ತೆರೆದ. ಬಾಯಿ ಒಂದೇ ಕಡೆಗೆ ಸೊಟ್ಟಗಾಯಿತು. ಹಾಗೇ ವಾಲಿ ಅವಳ ಮಡಿಲಿಗೆ ಬಿದ್ದ. ಬೆಳಗಿನಿಂದ ತಿಂದಿದ್ದ ಮೀನು, ಕಡುಬು, ಹೆಂಡ ಎಲ್ಲ ಬಿಸಿಬಿಸಿಯಾಗಿ ನೀಲಿ ರೇಷ್ಮೆಯ ಮೇಲೆ ಬಂತು.

ಲಕ್ವ. ಬಲಗಡೆ ಪೂರಾ ಹೋಯಿತು, ಮಾತು ಹೋಯಿತು, ನೆನಪೂ ಹೋಯಿತು. ಗಂಡುಮಕ್ಕಳು ಮೂರನೇ ದಿನ, "ನೀವಿದ್ದೀರಲ್ಲ ಚಿಕ್ಕಮ್ಮಾ, ನಮಗೇನು ಚಿಂತೆ," ಎಂದು ಸೊಂಟ ಬಗ್ಗಿಸಿ ಬಸ್ಸು ಹತ್ತಿದರು.

ಒಕ್‌ಜಿ ಅವತ್ತೇ ಗಂಟು ಕಟ್ಟಬಹುದಿತ್ತು. ಆದರೆ ಡಾಕ್ಟರು, "ಚೆನ್ನಾಗಿ ನೋಡ್ಕೊಂಡ್ರೆ ಬುದ್ಧಿ ಮರಳಿದ್ರೂ ಮರಳಬಹುದು," ಎಂದಿದ್ದರು. ಆ ಮಾತು ಅವಳನ್ನು ಕಟ್ಟಿಹಾಕಿತು. ಒಂದೇ ಒಂದು ದಿನ ಇವನಿಗೆ ಬುದ್ಧಿ ಬಂದರೆ ಸಾಕು. ಆ ಒಂದು ದಿನಕ್ಕಾಗಿ ಚಿಪ್ಪುಮಾಂಸದ ಗಂಜಿ ಬೇಯಿಸಿ ತಿನ್ನಿಸಿದಳು. ಹೇಲು ಬಳಿದಳು, ಬೆನ್ನಿನ ಹುಣ್ಣಿನ ಕೀವು ಒರೆಸಿದಳು, ಗಂಟಲಿಗೆ ಬೆರಳು ಹಾಕಿ ಕಫ ತೆಗೆದಳು. ಗಂಜಿ ಕುಡಿಸುತ್ತಾ ಕಿವಿಯಲ್ಲಿ ಕೇಳುವಳು: "ಜಮ್ರೆ ಯಾರು? ಹೇಳೋ, ಜಮ್ರೆ ಯಾರು?" ಅವನು ಹಕ್ಕಿಮರಿಯ ಹಾಗೆ ಬಾಯಿ ಕಳೆದು ಇನ್ನೊಂದು ಚಮಚಕ್ಕೆ ಕಾಯುವನು. ಅವಳನ್ನು ಕಂಡರೆ ಅವನಿಗೆ ಈಗ ಪ್ರಾಣ. ಕಣ್ಣಿಗೆ ಮರೆಯಾದರೆ ಅಳುವನು.

ಹೀಗೇ ನಾಲ್ಕು ವರ್ಷ. ಗಂಜಿ ಗಟ್ಟಿಯಾದಷ್ಟೂ ಅವಳ ಹೆಸರು ಊರಲ್ಲಿ ದೊಡ್ಡದಾಯಿತು.

ಪಕ್ಕದ ಮನೆಯ ಮುದುಕಿಗೆ ಗ್ವಾಂಗ್‌ಚನ್ ಊರು ತವರು. ಆದ್ದರಿಂದ ಎಲ್ಲರಿಗೂ ಅವಳು ಗ್ವಾಂಗ್‌ಚನ್ ಅಕ್ಕ. ಒಂದು ಮಧ್ಯಾಹ್ನ ಅವಳು ಮೂಲಂಗಿ ಹಿಡಿದುಕೊಂಡೇ ಓಡಿ ಬಂದಳು.

"ತಂಗೀ, ಬಂತು ಕಣೇ! ಮಂಡಲದಿಂದ ಸನ್ಮಾನ! ಪತಿಸೇವೆಗೆ! ನಾನೇ ಬರೆಸಿ ಕೊಟ್ಟಿದ್ದೆ ನಿನ್ನ ಹೆಸರು."

"ನಂಗೆ ಬೇಡ ಅಕ್ಕ."

"ನೋಡಿದ್ಯಾ, ಈ ದೊಡ್ಡತನಕ್ಕೇ ಕೊಡೋದು! ಇಡೀ ಸಂತೆ ಬರ್ತದೆ, ಧ್ವನಿವರ್ಧಕ ಇಡ್ತಾರೆ. ಬೇಡ ಅಂತೀಯಲ್ಲ, ಹುಚ್ಚಿ."

ಇಡೀ ಸಂತೆ. ಧ್ವನಿವರ್ಧಕ. ಒಕ್‌ಜಿ ಕೈಯಲ್ಲಿದ್ದ ಹೊಲಸು ಬಟ್ಟೆ ಕೆಳಗಿಟ್ಟಳು. "ಬರ್ತೀನಿ," ಎಂದಳು.

ಸಾಂಗ್‌ಬೇಯನ್ನು ಇಬ್ಬರು ಕುರ್ಚಿ ಸಮೇತ ಎತ್ತಿ ವೇದಿಕೆಗೆ ತಂದರು. ಮಂಡಲದ ಅಧ್ಯಕ್ಷ ಅವಳ ಕೊರಳಿಗೆ ರಿಬ್ಬನ್ನು ಹಾಕಿ, "ಎರಡು ಮಾತಾಡಿ ತಾಯೀ," ಎಂದ. ಅವಳು ಧ್ವನಿವರ್ಧಕವನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡಳು.

"ನಾನು ಜಮ್ರೆಯ ತಂಗಿ. ಈ ಮನುಷ್ಯ ನನ್ನಕ್ಕನ್ನ ಬಸಿರು ಮಾಡಿ, ನಡುಸಂತೇಲಿ ಹೀಯಾಳಿಸಿ, ಕಡಲಿಗೆ ಅಟ್ಟಿದ. ಇವನ ಮಾನ ಕಳೀಬೇಕು ಅಂತಲೇ ನಾನು ಇವನ್ನ ಕಟ್ಕೊಂಡಿದ್ದು."

ಒಕ್‌ಜಿ ಒಂದೊಂದೇ ಮುಖ ನೋಡುತ್ತಾ ಹೋದಳು. ಜಮ್ರೆಯ ಹೆಸರಿಗೆ ಯಾರ ಮುಖದಲ್ಲೂ ಅಚ್ಚರಿಯಿರಲಿಲ್ಲ.

ಮೊದಲ ಸಾಲಿನಲ್ಲಿ ಗ್ವಾಂಗ್‌ಚನ್ ಅಕ್ಕ ಮೂಗೊರೆಸಿಕೊಂಡು ಎದ್ದಳು. "ಅಯ್ಯೋ ತಂಗೀ, ಅದೆಲ್ಲ ನಮಗ್ ಗೊತ್ತಿರೋದೇ. ನಾವೆಲ್ಲ ಅಲ್ಲೇ ಇದ್ವಲ್ಲ. ಏನ್ಮಾಡೋದು, ಆಗಿನ ಕಾಲ ಹಂಗಿತ್ತು." ಆಮೇಲೆ ಜನರ ಕಡೆ ತಿರುಗಿ ಕೂಗಿ ಹೇಳಿದಳು: "ಕೇಳಿದ್ರೇನ್ರೇ? ಒಡಹುಟ್ಟಿದೋಳನ್ನ ಕೊಂದೋನು ಅಂತ ಗೊತ್ತಿದ್ದೂ ನಾಲ್ಕು ವರ್ಷ ಇವನ ಹೇಲು ಬಳಿದಿದಾಳೆ! ಇವಳು ಮನುಷ್ಯಳಲ್ಲ ಕಣ್ರೇ, ದೇವತೆ!"

ಚಪ್ಪಾಳೆ ಬಿತ್ತು. ಅಂಥ ಚಪ್ಪಾಳೆ ಆ ಬಂದರಿನಲ್ಲಿ ಯಾರಿಗೂ ಬಿದ್ದಿರಲಿಲ್ಲ. ಮುದುಕಿಯರು ಬಿಕ್ಕಿದರು. ಅಧ್ಯಕ್ಷ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ಅಲ್ಲ," ಎಂದಳು ಒಕ್‌ಜಿ. "ಅಲ್ಲ, ಕೇಳಿ ಇಲ್ಲಿ—" ಯಾರೂ ಕೇಳಲಿಲ್ಲ.

ಸದ್ದಿಗೆ ಸಾಂಗ್‌ಬೇಗೆ ಖುಷಿಯಾಯಿತು. ನೆಟ್ಟಗಿದ್ದ ಒಂದೇ ಕೈಯಿಂದ ತೊಡೆ ಬಡಿದುಕೊಂಡು ನಕ್ಕ. ಜೊಲ್ಲು ಗದ್ದದಿಂದ ಎದೆಗೆ ಇಳಿಯಿತು. ಒಕ್‌ಜಿಯ ಕೈ ಅವಳನ್ನು ಕೇಳದೆಯೇ ಹೋಗಿ, ಸೊಂಟದಲ್ಲಿದ್ದ ಬಟ್ಟೆ ತೆಗೆದು, ಆ ಗದ್ದವನ್ನು ಒರೆಸಿತು.

"ನೋಡ್ರೇ, ನೋಡ್ರೇ!" ಎಂದು ಯಾರೋ ಕಿರುಚಿದರು. ಚಪ್ಪಾಳೆ ಇನ್ನೂ ಜೋರಾಯಿತು.

ಕುರ್ಚಿ ಇಳಿಸಲು ಇಬ್ಬರು ಬಂದರು. "ನಿಧಾನ," ಎಂದಳು ಒಕ್‌ಜಿ, "ಬಲಗಾಲು ಸಿಕ್ಕಿಕೊಳ್ಳುತ್ತೆ." ಅಂದವಳೇ ಬಾಯಿ ಮುಚ್ಚಿಕೊಂಡಳು. ಹೊಟ್ಟೆಯಿಂದ ಹುಳಿನೀರು ಗಂಟಲಿಗೆ ಉಕ್ಕಿ ಬಂದಿತ್ತು. ಅಷ್ಟು ಜನರೆದುರು ಉಗುಳಲಾರದೆ ನುಂಗಿದಳು.